ಕಾಲೇಜು ಕಾಣದವನ ಎರಡು ನಿಯಮಗಳು

ಎಲೆಕ್ಟ್ರೋಕೆಮಿಸ್ಟ್ರಿ ಎಂಬ ಅಧ್ಯಾಯ ಎಲ್ಲ ಊರಿನಲ್ಲೂ ಒಂದೇ, ತರಗತಿಯ ಹೆಸರು ಮಾತ್ರ ಬೇರೆ. ನಮ್ಮೂರಲ್ಲಿ ಅದು ಸೆಕೆಂಡ್ ಪಿಯುಸಿ. ನಾನಿರುವ ಹೈದರಾಬಾದಿನಲ್ಲಿ ಇಂಟರ್ ಸೆಕೆಂಡ್ ಇಯರ್. ಪುಣೆ, ಮುಂಬೈ ಕಡೆ ಎಚ್‌ಎಸ್‌ಸಿ. ಎಲ್ಲ ಕಡೆಯೂ ಮಕ್ಕಳು ಅದೇ ನರ್ನ್‌ಸ್ಟ್ ಸಮೀಕರಣ ಬರೆಯುತ್ತಾರೆ, ಆನೋಡ್ ಯಾವುದು ಕ್ಯಾಥೋಡ್ ಯಾವುದು ಎಂದು ತಲೆ ಕೆರೆದುಕೊಳ್ಳುತ್ತಾರೆ, 96,500 ಎಂಬ ಸಂಖ್ಯೆಯನ್ನು ಉರು ಹೊಡೆಯುತ್ತಾರೆ. ಜನವರಿ, ಫೆಬ್ರುವರಿ ಬಂತೆಂದರೆ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲೂ ಇದೇ ಮಾತು.

ಆ ಅಧ್ಯಾಯದ ನಡುವೆ ಫ್ಯಾರಡೆಯ ಎರಡು ನಿಯಮಗಳಿವೆ. ಒಂದು ಲೆಕ್ಕ ಗ್ಯಾರಂಟಿ ಬರುತ್ತದೆ ಎಂದು ಮೇಷ್ಟ್ರು ಹೇಳಿರುತ್ತಾರೆ, ಹುಡುಗರು ಸೂತ್ರ ಬಾಯಿಪಾಠ ಮಾಡಿರುತ್ತಾರೆ. ಆದರೆ ಆ ನಿಯಮಗಳನ್ನು ಕಂಡುಹಿಡಿದ ಮನುಷ್ಯ ಕಾಲೇಜಿನ ಮೆಟ್ಟಿಲನ್ನು ವಿದ್ಯಾರ್ಥಿಯಾಗಿ ಹತ್ತಿದವನೇ ಅಲ್ಲ. ಗಣಿತದಲ್ಲಿ ಕೂಡು-ಕಳೆ ಲೆಕ್ಕದಿಂದ ಬಹಳ ಮುಂದೆ ಹೋದವನೂ ಅಲ್ಲ. ಪರೀಕ್ಷೆಯ ಹೊಸ್ತಿಲಲ್ಲಿರುವ ಮಕ್ಕಳಿಗೂ, ಪರೀಕ್ಷೆಗಳ ಏಣಿ ಹತ್ತಿಯೇ ಈ ಊರುಗಳಿಗೆ ಬಂದ ನಮ್ಮಂಥವರಿಗೂ ಮೈಕೆಲ್ ಫ್ಯಾರಡೆಯ ಬದುಕಿನಲ್ಲಿ ತಿಳಿಯಬೇಕಾದದ್ದು ಬಹಳ ಇದೆ.

ರಟ್ಟು ಹಾಕುವ ಹುಡುಗ

ಫ್ಯಾರಡೆ ಹುಟ್ಟಿದ್ದು 1791ರ ಸೆಪ್ಟೆಂಬರ್ 22ರಂದು, ಇವತ್ತು ಲಂಡನ್ನಿನ ಭಾಗವಾಗಿರುವ ನ್ಯೂವಿಂಗ್ಟನ್ ಬಟ್ಸ್‌ನಲ್ಲಿ. ತಂದೆ ಜೇಮ್ಸ್ ಕಮ್ಮಾರ. ಉತ್ತರ ಇಂಗ್ಲೆಂಡಿನಿಂದ ಕೆಲಸ ಹುಡುಕಿಕೊಂಡು ರಾಜಧಾನಿಗೆ ಬಂದ ಕುಟುಂಬ ಅದು. ವಲಸೆಯ ಕಷ್ಟ ನಮಗೆ ಬಿಡಿಸಿ ಹೇಳಬೇಕಿಲ್ಲ. ಸಾಲದ್ದಕ್ಕೆ ತಂದೆಯ ಆರೋಗ್ಯ ಕೆಟ್ಟಿತ್ತು, ದಿನವಿಡೀ ಸುತ್ತಿಗೆ ಹಿಡಿಯುವ ಶಕ್ತಿ ಇರಲಿಲ್ಲ. 1801ರಲ್ಲಿ ಧಾನ್ಯದ ಬೆಲೆ ಏರಿದಾಗ ಹತ್ತು ವರ್ಷದ ಮೈಕೆಲ್‌ಗೆ ಒಂದು ವಾರಕ್ಕೆ ಒಂದು ಬ್ರೆಡ್ಡು ಸಿಗುತ್ತಿತ್ತು, ಅದರಲ್ಲೇ ವಾರ ಕಳೆಯಬೇಕು. ಶಾಲೆಯಲ್ಲಿ ಕಲಿತದ್ದು ಓದು, ಬರಹ, ಸ್ವಲ್ಪ ಲೆಕ್ಕ, ಅಷ್ಟೆ.

ಹದಿಮೂರನೇ ವಯಸ್ಸಿಗೆ ಜಾರ್ಜ್ ರೀಬೊ ಎಂಬ ಪುಸ್ತಕ ವ್ಯಾಪಾರಿಯ ಅಂಗಡಿಯಲ್ಲಿ ಮನೆ ಮನೆಗೆ ಪತ್ರಿಕೆ ತಲುಪಿಸುವ ಕೆಲಸಕ್ಕೆ ಸೇರಿದ. ಮರುವರ್ಷ ಅಲ್ಲೇ ಬೈಂಡಿಂಗ್ ಕಲಿಯಲು ಏಳು ವರ್ಷದ ಕರಾರಾಯಿತು. ಸಾಮಾನ್ಯವಾಗಿ ಇಂಥ ಕರಾರಿಗೆ ಹುಡುಗನ ಮನೆಯವರೇ ಹಣ ಕಟ್ಟಬೇಕಿತ್ತು. ರೀಬೊ ಹುಡುಗನ ನಿಯತ್ತು ನೋಡಿ ಅದನ್ನು ಬಿಟ್ಟುಕೊಟ್ಟ. ರಟ್ಟು ಹಾಕಲು ಬಂದ ಪುಸ್ತಕಗಳನ್ನು ಓದಲೂ ಬಿಟ್ಟ.

ಹೊಲಿಯಲು ಬಂದ ವಿಶ್ವಕೋಶವೊಂದರಲ್ಲಿ ವಿದ್ಯುತ್ತಿನ ಕುರಿತ ಲೇಖನ ಕಣ್ಣಿಗೆ ಬಿತ್ತು. ಜೇನ್ ಮಾರ್ಸೆಟ್ ಎಂಬ ಮಹಿಳೆ ಬರೆದ ರಸಾಯನಶಾಸ್ತ್ರದ ಪುಸ್ತಕ ಸಿಕ್ಕಿತು. ಗುರು ಮತ್ತು ಶಿಷ್ಯೆಯರ ಮಾತುಕತೆಯ ರೂಪದಲ್ಲಿ ಸಾಮಾನ್ಯರಿಗಾಗಿ ಬರೆದ ಪುಸ್ತಕ ಅದು. ಫ್ಯಾರಡೆ ಅದರಲ್ಲಿದ್ದುದನ್ನು ಹಾಗೇ ನಂಬಲಿಲ್ಲ. ಕೈಯಲ್ಲಿದ್ದ ಚಿಲ್ಲರೆ ಕಾಸಿಗೆ ಸಿಗುವ ಸಾಮಾನು ತಂದು ಪ್ರಯೋಗ ಮಾಡಿ ನೋಡಿದ. ಪುಸ್ತಕ ಹೇಳಿದಂತೆಯೇ ಆಯಿತು. ಆಮೇಲೆಯೇ ನಂಬಿದ. ಮುಂದೆ ದೊಡ್ಡ ವಿಜ್ಞಾನಿಯಾದ ಮೇಲೂ ಮಾರ್ಸೆಟ್‌ಳನ್ನು ತನ್ನ ಮೊದಲ ಗುರು ಎಂದೇ ಗೌರವಿಸಿದ.

ಸಂಜೆ ಹೊತ್ತು ಜಾನ್ ಟೇಟಮ್ ಎಂಬಾತ ತನ್ನ ಮನೆಯಲ್ಲಿ ವಿಜ್ಞಾನದ ಪಾಠ ಮಾಡುತ್ತಿದ್ದ. ಒಂದು ಪಾಠಕ್ಕೆ ಒಂದು ಶಿಲಿಂಗ್. ಆ ದುಡ್ಡು ಕೊಟ್ಟವನು ತಂದೆಯ ಕಸುಬನ್ನೇ ಹಿಡಿದಿದ್ದ ಅಣ್ಣ ರಾಬರ್ಟ್. ಅಣ್ಣ ದುಡಿದು ತಮ್ಮನನ್ನು ಓದಿಸಿದ ಮನೆಗಳು ನಮ್ಮಲ್ಲಿ ಎಷ್ಟಿಲ್ಲ!

ಏಳು ನಾಣ್ಯ, ನಾಲ್ಕು ಟಿಕೆಟ್

1812ರಲ್ಲಿ ಫ್ಯಾರಡೆ ಒಂದು ಬ್ಯಾಟರಿ ಮಾಡಿದ. ಇಟಲಿಯ ವೋಲ್ಟಾ ಆ ಸಾಧನವನ್ನು ಲೋಕಕ್ಕೆ ತಿಳಿಸಿ ಆಗ ಹನ್ನೆರಡು ವರ್ಷವಾಗಿತ್ತು. ಫ್ಯಾರಡೆಯದು ಬಡವರ ಮನೆಯ ಬ್ಯಾಟರಿ: ತಾಮ್ರದ ಏಳು ಅರ್ಧ ಪೆನ್ನಿ ನಾಣ್ಯಗಳು, ಅಷ್ಟೇ ದೊಡ್ಡದಾಗಿ ಕತ್ತರಿಸಿದ ಏಳು ಸತುವಿನ ಬಿಲ್ಲೆಗಳು, ನಡುವೆ ಉಪ್ಪುನೀರಿನಲ್ಲಿ ನೆನೆಸಿದ ಆರು ಕಾಗದದ ಚೂರುಗಳು. ಒಂದರ ಮೇಲೊಂದು ಪೇರಿಸಿ, ಎರಡು ತುದಿಗೆ ತಂತಿ ಕಟ್ಟಿ, ಮೆಗ್ನೀಷಿಯಂ ಸಲ್ಫೇಟ್ ದ್ರಾವಣದೊಳಗೆ ಇಳಿಬಿಟ್ಟ. ದ್ರಾವಣ ವಿಭಜನೆಯಾಗತೊಡಗಿತು. ಸಂಭ್ರಮ ತಡೆಯಲಾರದೆ ಗೆಳೆಯನಿಗೆ ಉದ್ದನೆಯ ಪತ್ರ ಬರೆದ. ವಿದ್ಯುತ್ತು ಹೇಗೆ ವಸ್ತುವನ್ನು ಬಿಡಿಸುತ್ತದೆ ಎಂಬ ಪ್ರಶ್ನೆ ಅವನನ್ನು ಹಿಡಿದದ್ದು ಆಗ. ಉತ್ತರ ಸಿಗಲು ಇನ್ನೂ ಇಪ್ಪತ್ತು ವರ್ಷ ಬೇಕಾಯಿತು.

ಅದೇ ವರ್ಷ ರೀಬೊನ ಅಂಗಡಿಯ ಗಿರಾಕಿ ವಿಲಿಯಂ ಡ್ಯಾನ್ಸ್ ಈ ಹುಡುಗನ ಆಸಕ್ತಿ ಗಮನಿಸಿ, ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಹಂಫ್ರಿ ಡೇವಿ ಕೊಡಲಿದ್ದ ನಾಲ್ಕು ಉಪನ್ಯಾಸಗಳಿಗೆ ಟಿಕೆಟ್ ಕೊಟ್ಟ. ಡೇವಿ ಅಂದರೆ ಆ ಕಾಲದ ತಾರೆ. ವಿದ್ಯುತ್ತನ್ನು ಹರಿಸಿ ಪೊಟ್ಯಾಸಿಯಂ, ಸೋಡಿಯಂಗಳನ್ನು ಮೊದಲ ಬಾರಿಗೆ ಬೇರ್ಪಡಿಸಿದವನು ಅವನೇ, 1807ರಲ್ಲಿ. ಫ್ಯಾರಡೆ ಕೂತು ಕೇಳಿದ, ಬರೆದುಕೊಂಡ. ಮನೆಗೆ ಬಂದು ಮತ್ತೆ ಚೊಕ್ಕವಾಗಿ ತಿದ್ದಿ ಬರೆದ, ಚಿತ್ರ ಬಿಡಿಸಿದ, ಸುಮಾರು ಮುನ್ನೂರು ಪುಟದ ಆ ಟಿಪ್ಪಣಿಗೆ ತನ್ನ ಕೈಯಾರೆ ರಟ್ಟು ಹಾಕಿದ.

ಏಳು ವರ್ಷದ ಕರಾರು ಮುಗಿದು ಬೇರೊಬ್ಬನ ಬಳಿ ಬೈಂಡಿಂಗ್ ಕೆಲಸಕ್ಕೆ ಸೇರಿದ್ದಾಯಿತು. ಮನಸ್ಸು ಅಲ್ಲಿ ನಿಲ್ಲಲಿಲ್ಲ. ವಿಜ್ಞಾನದಲ್ಲಿ ಎಂಥ ಸಣ್ಣ ಕೆಲಸವಾದರೂ ಸರಿ ಎಂದು ರಾಯಲ್ ಸೊಸೈಟಿಯ ಅಧ್ಯಕ್ಷರಿಗೆ ಪತ್ರ ಬರೆದ. ಉತ್ತರವಿಲ್ಲ. ಡಿಸೆಂಬರಿನಲ್ಲಿ ಆ ಮುನ್ನೂರು ಪುಟದ ಪುಸ್ತಕವನ್ನೇ ಡೇವಿಗೆ ಕಳಿಸಿಕೊಟ್ಟ. ಈ ಸಲ ಉತ್ತರ ಬಂತು. ಕೆಲವು ವಾರಗಳ ನಂತರ ರಾಯಲ್ ಇನ್‌ಸ್ಟಿಟ್ಯೂಷನ್ನಿನ ಪ್ರಯೋಗಾಲಯದ ಸಹಾಯಕನೊಬ್ಬ ಜಗಳ ಮಾಡಿ ಕೆಲಸ ಕಳೆದುಕೊಂಡ. ಡೇವಿಗೆ ಪುಸ್ತಕ ಕಳಿಸಿದ ಹುಡುಗನ ನೆನಪಾಯಿತು. 1813ರ ಮಾರ್ಚ್ 1ರಂದು ಫ್ಯಾರಡೆಯ ನೇಮಕವಾಯಿತು. ವಾರಕ್ಕೆ 25 ಶಿಲಿಂಗ್ ಸಂಬಳ, ಮೇಲ್ಮಹಡಿಯಲ್ಲಿ ಎರಡು ಕೋಣೆ, ಉರಿಸಲು ಕಲ್ಲಿದ್ದಲು ಮತ್ತು ಮೇಣದಬತ್ತಿ. ವಯಸ್ಸು ಇಪ್ಪತ್ತೊಂದು.

ಈ ಕತೆಯನ್ನು ಪ್ರತಿಭೆ ಇದ್ದರೆ ದಾರಿ ತಾನಾಗಿ ತೆರೆಯುತ್ತದೆ ಎಂಬುದಕ್ಕೆ ಉದಾಹರಣೆಯಾಗಿ ಹೇಳುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಕರಾರಿನ ಹಣ ಬಿಟ್ಟ ಯಜಮಾನ, ಶಿಲಿಂಗ್ ಕೊಟ್ಟ ಅಣ್ಣ, ಟಿಕೆಟ್ ಕೊಟ್ಟ ಗಿರಾಕಿ, ಜಗಳ ಮಾಡಿಕೊಂಡ ಸಹಾಯಕ: ಇಷ್ಟು ಜನರಲ್ಲಿ ಒಬ್ಬ ತಪ್ಪಿದ್ದರೂ ಫ್ಯಾರಡೆ ಲಂಡನ್ನಿನ ಯಾವುದೋ ಗಲ್ಲಿಯಲ್ಲಿ ಒಳ್ಳೆಯ ಬೈಂಡರ್ ಆಗಿ ಬಾಳು ಮುಗಿಸುತ್ತಿದ್ದ. ಅವನಷ್ಟೇ ಬುದ್ಧಿಯಿದ್ದು ಟಿಕೆಟ್ ಸಿಗದ ಹುಡುಗರು ಆ ಊರಿನಲ್ಲಿ ಎಷ್ಟು ಜನ ಇದ್ದರೋ!

ಲ್ಯಾಬಿನ ಒಳಗೆ

ಒಳಗೆ ಹೋದ ಮಾತ್ರಕ್ಕೆ ಎಲ್ಲ ಸಲೀಸಾಗಲಿಲ್ಲ. 1813ರ ಅಕ್ಟೋಬರಿನಲ್ಲಿ ಡೇವಿ ಯುರೋಪ್ ಪ್ರವಾಸ ಹೊರಟ. ಅವನ ಆಳು ಯುದ್ಧಕಾಲದಲ್ಲಿ ಫ್ರಾನ್ಸಿಗೆ ಬರಲಾರೆ ಎಂದುಬಿಟ್ಟ. ಫ್ಯಾರಡೆಯೇ ಸಹಾಯಕನ ಕೆಲಸದ ಜೊತೆಗೆ ಆಳಿನ ಕೆಲಸವನ್ನೂ ಮಾಡಬೇಕಾಯಿತು. ಡೇವಿಯ ಹೆಂಡತಿ ಅವನನ್ನು ಆಳಿನಂತೆಯೇ ನಡೆಸಿಕೊಂಡಳು. ಬಿಟ್ಟು ಬರಲೇ ಎಂದು ಒಂದೆರಡು ಸಲ ಯೋಚಿಸಿದ. ಬಿಡಲಿಲ್ಲ. ಪ್ಯಾರಿಸ್ಸಿನಲ್ಲಿ ಅಯೋಡಿನ್ ಒಂದು ಮೂಲವಸ್ತು ಎಂಬುದನ್ನು ಡೇವಿ ತೋರಿಸುವಾಗ ಪಕ್ಕದಲ್ಲಿದ್ದ, ಇಟಲಿಯಲ್ಲಿ ಮುದುಕ ವೋಲ್ಟಾನನ್ನು ಕಣ್ಣಾರೆ ಕಂಡ. ಹದಿನೆಂಟು ತಿಂಗಳ ಆ ಪ್ರವಾಸವೇ ಅವನ ವಿಶ್ವವಿದ್ಯಾಲಯ.

1821ರಲ್ಲಿ ಸಾರಾ ಬರ್ನಾರ್ಡ್ ಜೊತೆ ಮದುವೆಯಾಯಿತು. ಅದೇ ವರ್ಷ ವಿದ್ಯುತ್ ಹರಿಯುವ ತಂತಿ ಅಯಸ್ಕಾಂತದ ಸುತ್ತ ತಿರುಗುವಂತೆ ಮಾಡಿದ. ಇವತ್ತಿನ ಮೋಟರುಗಳ ಮೂಲ ಅದು. 1824ರಲ್ಲಿ ರಾಯಲ್ ಸೊಸೈಟಿಯ ಸದಸ್ಯನಾದ. ಅದನ್ನು ವಿರೋಧಿಸಿದ್ದು ಬೇರಾರೂ ಅಲ್ಲ, ಆಗ ಸೊಸೈಟಿಯ ಅಧ್ಯಕ್ಷನಾಗಿದ್ದ ಡೇವಿಯೇ. ಶಿಷ್ಯ ತನ್ನನ್ನು ಮೀರುತ್ತಿದ್ದಾನೆ ಎಂಬ ಇರುಸುಮುರುಸು ಗುರುವಿಗಿತ್ತು ಎನ್ನುತ್ತಾರೆ. ಫ್ಯಾರಡೆ ಮಾತ್ರ ಡೇವಿಯ ಬಗ್ಗೆ ಕೊನೆಯವರೆಗೂ ಗೌರವ ಕಳೆದುಕೊಳ್ಳಲಿಲ್ಲ. 1825ರಲ್ಲಿ ಬೆಂಜೀನನ್ನು ಬೇರ್ಪಡಿಸಿದ. 1831ರ ಆಗಸ್ಟ್ 29ರಂದು ಅಯಸ್ಕಾಂತದಿಂದ ವಿದ್ಯುತ್ ಹುಟ್ಟಿಸುವ ದಾರಿ ಕಂಡುಕೊಂಡ. ನಮ್ಮ ಶಿವನಸಮುದ್ರದಿಂದ ಶರಾವತಿಯವರೆಗೆ ಜನರೇಟರುಗಳು ತಿರುಗುತ್ತಿರುವುದು ಆ ತತ್ವದ ಮೇಲೆಯೇ.

ಅವನ ಕೆಲಸದ ರೀತಿ ನನ್ನಂಥ ಸಾಫ್ಟ್‌ವೇರ್ ಮಂದಿಗೆ ತಟ್ಟನೆ ಅರ್ಥವಾಗುತ್ತದೆ. ಮಾಡಿದ ಪ್ರತಿ ಪ್ರಯೋಗವನ್ನೂ ದಿನಚರಿಯಲ್ಲಿ ಬರೆದ, ಕೈಗೂಡದೆ ಹೋದದ್ದನ್ನೂ ಬಿಡದೆ ಬರೆದ. 1832ರಿಂದ ಪ್ರತಿ ಪ್ಯಾರಾಕ್ಕೂ ಕ್ರಮವಾಗಿ ಸಂಖ್ಯೆ ಹಾಕುತ್ತಾ ಹೋದ. ಕೊನೆಗೆ ಆ ಸಂಖ್ಯೆ 16 ಸಾವಿರ ದಾಟಿತು. ನಾವು ಕೋಡಿನ ಪ್ರತಿ ಬದಲಾವಣೆಗೂ ಲಾಗ್ ಇಡುವ ಹಾಗೆ. ಕಾರಣ ಸರಳ. ಅವನಿಗೆ ಮರೆವು ಕಾಡುತ್ತಿತ್ತು. ನೆನಪನ್ನು ನಂಬುವಂತಿರಲಿಲ್ಲ, ಹಾಗಾಗಿ ಕಾಗದವನ್ನು ನಂಬಿದ.

ಹೊಸ ಹೆಸರುಗಳು ಬೇಕಾದವು

ಈಗ ನಮ್ಮ ಅಧ್ಯಾಯಕ್ಕೆ ಬರೋಣ. ಬ್ಯಾಟರಿಯಿಂದ ಬರುವ ವಿದ್ಯುತ್ತು, ಗಾಜು ಉಜ್ಜಿದರೆ ಹುಟ್ಟುವ ವಿದ್ಯುತ್ತು, ಕೆಲವು ಮೀನುಗಳ ಮೈಯಿಂದ ಬರುವ ವಿದ್ಯುತ್ತು ಎಲ್ಲವೂ ಒಂದೆಯೋ ಬೇರೆ ಬೇರೆಯೋ ಎಂಬ ಅನುಮಾನ ಆಗಿನ್ನೂ ಇತ್ತು. ಒಂದೇ ಎಂದು ತೋರಿಸಲು ಫ್ಯಾರಡೆ ಪ್ರಯೋಗ ಶುರುಮಾಡಿದ. ಆಗ ಅವನ ಕಣ್ಣು ಇನ್ನೊಂದರ ಮೇಲೆ ಬಿತ್ತು: ಎಷ್ಟು ವಿದ್ಯುತ್ತು ಹರಿಸಿದರೆ ಎಷ್ಟು ವಸ್ತು ಬಿಡುಗಡೆಯಾಗುತ್ತದೆ?

ನೀರಿನ ಮೂಲಕ ವಿದ್ಯುತ್ ಹರಿಸಿ, ಹೊರಬಂದ ಅನಿಲವನ್ನು ಗಾಜಿನ ನಳಿಕೆಯಲ್ಲಿ ಹಿಡಿದು ಅಳೆಯುವ ಉಪಕರಣ ಮಾಡಿದ. ಮುಳುಗಿಸಿದ ಲೋಹದ ತಗಡು ದೊಡ್ಡದಿರಲಿ ಚಿಕ್ಕದಿರಲಿ, ಆಮ್ಲ ಗಟ್ಟಿಯಿರಲಿ ತೆಳುವಿರಲಿ, ಅಷ್ಟೇ ವಿದ್ಯುತ್ತಿಗೆ ಅಷ್ಟೇ ಅನಿಲ. ಅದು ಮೊದಲ ನಿಯಮ. ಆಮೇಲೆ ಅದೇ ಉಪಕರಣದ ಜೊತೆ ಸಾಲಾಗಿ ಕರಗಿಸಿದ ತವರದ ಕ್ಲೋರೈಡ್, ಸೀಸದ ಕ್ಲೋರೈಡ್ ಇಟ್ಟು ಅದೇ ವಿದ್ಯುತ್ತನ್ನು ಎಲ್ಲದರೊಳಗೂ ಹಾಯಿಸಿದ. ಹೊರಬಂದ ವಸ್ತುಗಳ ತೂಕ ಅವುಗಳ ರಾಸಾಯನಿಕ ಸಮಾನ ತೂಕಗಳ ಪ್ರಮಾಣದಲ್ಲೇ ಇತ್ತು. ಅದು ಎರಡನೆಯದು. 1833–34ರ ಹೊತ್ತಿಗೆ ಎರಡೂ ಪ್ರಕಟವಾದವು.

ಇದನ್ನು ಸಂಖ್ಯೆಯಲ್ಲಿ ನೋಡಿದರೆ ಸುಲಭ. 1 ಆಂಪಿಯರ್ ಕರೆಂಟನ್ನು 965 ಸೆಕೆಂಡು, ಅಂದರೆ ಹದಿನಾರು ನಿಮಿಷದ ಮೇಲೆ ಐದು ಸೆಕೆಂಡು ಹರಿಸಿ. ಬೆಳ್ಳಿಯ ದ್ರಾವಣದಿಂದ 1.08 ಗ್ರಾಂ ಬೆಳ್ಳಿ ಬರುತ್ತದೆ. ತಾಮ್ರದ ಸಲ್ಫೇಟಿನಿಂದ ಸುಮಾರು 0.32 ಗ್ರಾಂ ತಾಮ್ರ ಮಾತ್ರ. ಕರೆಂಟು ಒಂದೇ, ಸಮಯ ಒಂದೇ, ತೂಕ ಏಕೆ ಬೇರೆ? ಬೆಳ್ಳಿಯ ಅಯಾನಿಗೆ ಒಂದು ಎಲೆಕ್ಟ್ರಾನ್ ಸಾಕು, ತಾಮ್ರದ್ದಕ್ಕೆ ಎರಡು ಬೇಕು. ಬೆಳ್ಳಿಯ 108ನ್ನು ಒಂದರಿಂದ ಭಾಗಿಸಿ, ತಾಮ್ರದ 63.5ನ್ನು ಎರಡರಿಂದ ಭಾಗಿಸಿ, ಪ್ರಮಾಣ ಸರಿಹೊಂದುತ್ತದೆ. ಇಷ್ಟು ತಿಳಿದರೆ ಪರೀಕ್ಷೆಯ ಲೆಕ್ಕಕ್ಕೆ ಸೂತ್ರ ಬಾಯಿಪಾಠ ಮಾಡಬೇಕಿಲ್ಲ. ಸೋಜಿಗವೆಂದರೆ, ಫ್ಯಾರಡೆಗೆ ಎಲೆಕ್ಟ್ರಾನ್ ಗೊತ್ತಿರಲಿಲ್ಲ. ಜೆ.ಜೆ. ಥಾಮ್ಸನ್ ಅದನ್ನು ಕಂಡದ್ದು 1897ರಲ್ಲಿ, ಫ್ಯಾರಡೆ ತೀರಿಕೊಂಡ ಮೂವತ್ತು ವರ್ಷಕ್ಕೆ. ಒಂದು ಮೋಲ್ ಎಲೆಕ್ಟ್ರಾನಿನ ವಿದ್ಯುದಂಶವಾದ 96,500 ಕೂಲಂಬಿಗೆ ಅವನ ಹೆಸರಿಟ್ಟದ್ದು ಆಮೇಲಿನವರು.

ಹಳೆಯ ಪದಗಳು ಅವನಿಗೆ ತೊಡಕಾದವು. ಬ್ಯಾಟರಿಯ ತುದಿಗಳನ್ನು ಜನ ಧ್ರುವ ಎನ್ನುತ್ತಿದ್ದರು. ಅಯಸ್ಕಾಂತದ ಧ್ರುವ ಕಬ್ಬಿಣವನ್ನು ಎಳೆಯುವ ಹಾಗೆ ಈ ತುದಿಗಳು ವಸ್ತುವನ್ನು ಎಳೆಯುತ್ತವೆ ಎಂಬ ಅರ್ಥ ಆ ಪದದೊಳಗೇ ಇತ್ತು. ಫ್ಯಾರಡೆಗೆ ಅದು ತಪ್ಪೆನಿಸಿತು. ಅವನ ಪ್ರಕಾರ ಅವು ಎಳೆಯುವ ಕೊಕ್ಕೆಗಳಲ್ಲ, ವಿದ್ಯುತ್ತು ಒಳಗೆ ಬರುವ ಮತ್ತು ಹೊರಗೆ ಹೋಗುವ ಬಾಗಿಲುಗಳು. ಗ್ರೀಕ್ ಬಾರದ ಫ್ಯಾರಡೆ ಕೇಂಬ್ರಿಜ್ಜಿನ ವಿದ್ವಾಂಸ ವಿಲಿಯಂ ಹ್ಯೂವೆಲ್‌ಗೆ ಪತ್ರ ಬರೆದು ಕೇಳಿದ. ಹೀಗೆ ಆನೋಡ್, ಕ್ಯಾಥೋಡ್, ಅಯಾನ್ ಪದಗಳು ಬಂದವು. ಆನೋಡ್ ಎಂದರೆ ಏರುವ ದಾರಿ, ಕ್ಯಾಥೋಡ್ ಎಂದರೆ ಇಳಿಯುವ ದಾರಿ, ಸೂರ್ಯ ಮೂಡಿ ಮುಳುಗುವ ದಿಕ್ಕುಗಳನ್ನು ಮನಸ್ಸಿನಲ್ಲಿಟ್ಟುಕೊಂಡು. ಅಯಾನ್ ಎಂದರೆ ಸಾಗುವುದು.

ನಮ್ಮ ಮಕ್ಕಳು ಎಡವುವುದು ಸರಿಯಾಗಿ ಇಲ್ಲಿಯೇ. ವಿದ್ಯುದ್ವಿಭಜನೆಯಲ್ಲಿ ಆನೋಡ್ ಪ್ಲಸ್, ಡೇನಿಯಲ್ ಕೋಶದಲ್ಲಿ ಆನೋಡ್ ಮೈನಸ್, ಇದ್ಯಾಕೆ ಹೀಗೆ ಅಂಕಲ್ ಎಂದು ಪಕ್ಕದ ಫ್ಲ್ಯಾಟಿನ ಹುಡುಗ ನನ್ನನ್ನು ಕೇಳಿದ್ದುಂಟು. ಪ್ಲಸ್ಸು ಮೈನಸ್ಸು ಬದಿಗಿಟ್ಟು ಫ್ಯಾರಡೆಯ ಬಾಗಿಲು ನೆನಪಿಸಿಕೊಂಡರೆ ಗೊಂದಲವೇ ಇಲ್ಲ. ಕರೆಂಟು ದ್ರಾವಣದೊಳಗೆ ಎಲ್ಲಿಂದ ಪ್ರವೇಶಿಸುತ್ತದೋ ಅದು ಆನೋಡ್, ಎಲ್ಲಿಂದ ಹೊರಡುತ್ತದೋ ಅದು ಕ್ಯಾಥೋಡ್. ವಿದ್ಯುದ್ವಿಭಜನೆಯಲ್ಲಿ ಹೊರಗಿನ ಬ್ಯಾಟರಿ ತನ್ನ ಪ್ಲಸ್ ತುದಿಯಿಂದ ಕರೆಂಟನ್ನು ದ್ರಾವಣಕ್ಕೆ ತಳ್ಳುತ್ತದೆ. ಡೇನಿಯಲ್ ಕೋಶವೇ ಒಂದು ಬ್ಯಾಟರಿ, ಅದರೊಳಗೆ ಕರೆಂಟು ಸತುವಿನಿಂದ ದ್ರಾವಣಕ್ಕಿಳಿದು ತಾಮ್ರದ ಕಡೆ ಹೋಗುತ್ತದೆ. ಎರಡರಲ್ಲೂ ಪ್ರವೇಶದ ಬಾಗಿಲೇ ಆನೋಡ್, ಎರಡರಲ್ಲೂ ಉತ್ಕರ್ಷಣೆ ಅಲ್ಲೇ. ಅರ್ಥ ತಿಳಿದು ಇಟ್ಟ ಹೆಸರು ಅದು. ನಾವು ಅರ್ಥ ಬಿಟ್ಟು ಹೆಸರನ್ನಷ್ಟೇ ಉರು ಹೊಡೆಯುತ್ತಿದ್ದೇವೆ.

ಪರೀಕ್ಷೆ ನಡೆಸುವವರ ಸಾಲಿನಲ್ಲಿ

ವಿದ್ಯಾರ್ಥಿಯಾಗಿ ಕಾಲೇಜಿಗೆ ಹೋಗದ ಫ್ಯಾರಡೆ ಮೇಷ್ಟ್ರಾಗಿ ಬಹಳ ಕೆಲಸ ಮಾಡಿದ. 1830ರಿಂದ ಸುಮಾರು ಇಪ್ಪತ್ತು ವರ್ಷ ವುಲಿಚ್ಚಿನ ಸೈನಿಕ ಅಕಾಡೆಮಿಯಲ್ಲಿ ರಸಾಯನಶಾಸ್ತ್ರ ಕಲಿಸಿದ. ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಮಕ್ಕಳಿಗಾಗಿ ಹತ್ತೊಂಬತ್ತು ಕ್ರಿಸ್ಮಸ್ ಉಪನ್ಯಾಸ ಮಾಲೆ ನಡೆಸಿಕೊಟ್ಟ. ಒಂದು ಮೇಣದಬತ್ತಿ ಹಿಡಿದು ಇಡೀ ರಸಾಯನಶಾಸ್ತ್ರ ಹೇಳಿಕೊಟ್ಟ ಉಪನ್ಯಾಸಗಳು ಪುಸ್ತಕವಾಗಿ ಇವತ್ತಿಗೂ ಓದಿಸಿಕೊಳ್ಳುತ್ತಿವೆ.

ಅಷ್ಟೇ ಅಲ್ಲ, 1836ರಲ್ಲಿ ಸ್ಥಾಪನೆಯಾದ ಲಂಡನ್ ವಿಶ್ವವಿದ್ಯಾಲಯದ ಸೆನೆಟ್ ಸದಸ್ಯನಾಗಿ 1863ರವರೆಗೆ ಇದ್ದ. ಆ ವಿಶ್ವವಿದ್ಯಾಲಯ ಪಾಠ ಮಾಡುತ್ತಿರಲಿಲ್ಲ, ಕಾಲೇಜುಗಳ ಹುಡುಗರಿಗೆ ಪರೀಕ್ಷೆ ನಡೆಸಿ ಪದವಿ ಕೊಡುತ್ತಿತ್ತು. ಇದು ನಮಗೂ ಸಂಬಂಧಿಸಿದ ವಿಷಯ. 1857ರಲ್ಲಿ ಕಲ್ಕತ್ತಾ, ಬಾಂಬೆ, ಮದ್ರಾಸ್ ವಿಶ್ವವಿದ್ಯಾಲಯಗಳು ಹುಟ್ಟಿದ್ದು ಇದೇ ಲಂಡನ್ ಮಾದರಿಯಲ್ಲಿ. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಬರುವವರೆಗೆ ಬೆಂಗಳೂರಿನ ಸೆಂಟ್ರಲ್ ಕಾಲೇಜು ಮದ್ರಾಸಿಗೆ ಸೇರಿತ್ತು. ಧಾರವಾಡದ ಕರ್ನಾಟಕ ಕಾಲೇಜು ಬಹಳ ಕಾಲ ಬಾಂಬೆಗೆ ಸೇರಿತ್ತು. ನಮ್ಮ ಹಿರಿಯರು ಬರೆದ ಪರೀಕ್ಷೆಗಳ ಬೇರು ಅಲ್ಲಿದೆ.

1858ರಲ್ಲಿ ಲಂಡನ್ ವಿಶ್ವವಿದ್ಯಾಲಯ ಇನ್ನೊಂದು ಹೆಜ್ಜೆ ಇಟ್ಟಿತು. ಮಾನ್ಯತೆ ಪಡೆದ ಕಾಲೇಜಿನಲ್ಲಿ ಓದದವರೂ ಹೆಚ್ಚಿನ ಪದವಿಗಳ ಪರೀಕ್ಷೆ ಬರೆಯಬಹುದು ಎಂದಿತು. ಹೆಣ್ಣುಮಕ್ಕಳಿಗೆ ಆ ಬಾಗಿಲು ತೆರೆಯಲು ಇನ್ನೂ ಇಪ್ಪತ್ತು ವರ್ಷ ಬೇಕಾಯಿತು, ನಿಜ. ಆದರೂ ಕಮ್ಮಾರನ ಮಗನಿಗೆ ಈಗ ಟಿಕೆಟ್ ಕೊಡುವ ಗಿರಾಕಿಗಾಗಿ ಕಾಯಬೇಕಿರಲಿಲ್ಲ. ಮನೆಯಲ್ಲೇ ಓದಿ ಹೋಗಿ ಬರೆದರೆ ಸಾಕು. ಪರೀಕ್ಷೆಯನ್ನು ಬೈಯುವಾಗ ನಾನು ಇದನ್ನು ನೆನೆಯುತ್ತೇನೆ. ನನ್ನ ಎಂ.ಟೆಕ್. ಸೀಟು ಬಂದದ್ದು ಪರೀಕ್ಷೆಯಿಂದ, ಯಾರ ಶಿಫಾರಸಿನಿಂದಲೂ ಅಲ್ಲ. ತಾಲ್ಲೂಕಿನಿಂದ, ಹೋಬಳಿಯಿಂದ ಹೊರಟು ಚೆನ್ನೈ, ಪುಣೆ, ಹೈದರಾಬಾದ್ ಸೇರಿದ ನಮ್ಮಲ್ಲಿ ಬಹುಪಾಲು ಜನರ ಕತೆ ಇದೇ. ವಿಲಿಯಂ ಡ್ಯಾನ್ಸ್ ಸಿಗದವರಿಗೆ ಪರೀಕ್ಷೆಯೇ ಟಿಕೆಟ್.

ಆದರೆ ಟಿಕೆಟ್ ಬೇರೆ, ಉಪನ್ಯಾಸ ಬೇರೆ. ಫ್ಯಾರಡೆಗೆ ಟಿಕೆಟ್ ಸಿಕ್ಕಾಗ ಅವನು ಹೋಗಿ ಕೂತು, ಕೇಳಿ, ಬರೆದು, ಮತ್ತೆ ಬರೆದು ಮುನ್ನೂರು ಪುಟ ಮಾಡಿದ. ಕೋಚಿಂಗಿನ ಈ ಊರಿನಲ್ಲಿ ಮಕ್ಕಳು ಟಿಕೆಟ್ಟಿಗಾಗಿಯೇ ಎರಡು ವರ್ಷ ಬೆಳಗಿನಿಂದ ರಾತ್ರಿಯವರೆಗೆ ದುಡಿಯುತ್ತಾರೆ, ಸಿಕ್ಕ ದಿನ ಪುಸ್ತಕ ಮುಚ್ಚಿಡುತ್ತಾರೆ. ತಾಮ್ರದ ಸಲ್ಫೇಟಿನ ನೀಲಿ ದ್ರಾವಣದಲ್ಲಿ ತಂತಿ ಅದ್ದಿ ನೋಡದೆಯೇ ನೂರಕ್ಕೆ ನೂರು ತೆಗೆದವರಿದ್ದಾರೆ.

1862ರಲ್ಲಿ, ಎಪ್ಪತ್ತೊಂದರ ವಯಸ್ಸಿನಲ್ಲಿ, ಇಂಗ್ಲೆಂಡಿನ ದೊಡ್ಡ ಶಾಲೆಗಳನ್ನು ಪರಿಶೀಲಿಸುತ್ತಿದ್ದ ಸರ್ಕಾರಿ ಆಯೋಗದ ಮುಂದೆ ಫ್ಯಾರಡೆ ಸಾಕ್ಷ್ಯ ನುಡಿದ. ವಿಜ್ಞಾನ ಅಷ್ಟು ಬೆಳೆದಿದ್ದರೂ ಶಾಲೆಗಳು ಅದನ್ನು ಕಲಿಸುತ್ತಿಲ್ಲ ಎಂದು ದೂರಿದ. ತುಂಬ ಓದಿದ ಜನರೇ ಮೇಜು ತಾನಾಗಿ ಓಡಾಡುತ್ತದೆ ಎಂಬಂಥ ಮೂಢನಂಬಿಕೆ ಹಿಡಿದು ತನ್ನ ಬಳಿ ಬರುತ್ತಾರೆ, ತಮಗೆ ತಿಳಿಯದು ಎಂಬುದೇ ಅವರಿಗೆ ತಿಳಿದಿಲ್ಲ ಎಂದ. ಸರಳವಾಗಿ ವಿವರಿಸಿದರೆ ಪ್ರಯೋಗದ ಮರ್ಮ ಹಿಡಿಯಲಾರದ, ಅದರಲ್ಲಿ ಸಂತೋಷಪಡದ ಹುಡುಗನನ್ನು ತಾನು ಕಂಡೇ ಇಲ್ಲ ಎಂದೂ ಹೇಳಿದ. ದಡ್ಡ ಹುಡುಗ ಎಂಬ ಮಾತು ಅವನ ಬಾಯಲ್ಲಿ ಬರಲಿಲ್ಲ.

ಕೊನೆಯ ವರ್ಷಗಳು

1839ರ ಕೊನೆಗೆ ತಲೆಸುತ್ತು, ತಲೆನೋವು, ಮರೆವು ಅವನನ್ನು ಮಲಗಿಸಿದವು. ಕೆಲವು ವರ್ಷ ಸಂಶೋಧನೆ ಹೆಚ್ಚುಕಡಿಮೆ ನಿಂತಿತು. 1845ರಲ್ಲಿ ಮತ್ತೆ ಎದ್ದು, ಬೆಳಕಿನ ಮೇಲೆ ಅಯಸ್ಕಾಂತದ ಪ್ರಭಾವ ಇದೆ ಎಂದು ತೋರಿಸಿದ. 1857ರಲ್ಲಿ ತರುಣ ಗಣಿತಜ್ಞ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಫ್ಯಾರಡೆಯ ಬಲರೇಖೆಗಳನ್ನು ಗಣಿತದ ಭಾಷೆಗೆ ತಂದು ತನ್ನ ಪ್ರಬಂಧ ಕಳಿಸಿದ. ಮುದುಕನಿಗೆ ಆ ಗಣಿತ ನೋಡಿ ಮೊದಲು ಭಯವಾಯಿತಂತೆ, ತನ್ನ ವಿಷಯ ಅಷ್ಟು ಗಣಿತವನ್ನು ತಾಳಿಕೊಂಡಿತಲ್ಲ ಎಂದು ಆಮೇಲೆ ಬೆರಗಾಯಿತಂತೆ. ನಿಮ್ಮ ತೀರ್ಮಾನಗಳನ್ನು ಸಾಮಾನ್ಯ ಭಾಷೆಯಲ್ಲೂ ಹೇಳಬಾರದೇ, ನಮ್ಮಂಥವರೂ ಅದರ ಮೇಲೆ ಪ್ರಯೋಗ ಮಾಡಬಹುದು ಎಂದು ಸಂಕೋಚವಿಲ್ಲದೆ ಕೇಳಿ ಬರೆದ. ತಿಳಿಯದ್ದನ್ನು ತಿಳಿಯದು ಎನ್ನಲು ಅವನಿಗೆ ನಾಚಿಕೆ ಇರಲಿಲ್ಲ.

ಸರ್ ಪದವಿ ಬೇಡವೆಂದ. ರಾಯಲ್ ಸೊಸೈಟಿಯ ಅಧ್ಯಕ್ಷಗಿರಿಯನ್ನೂ ಒಪ್ಪಲಿಲ್ಲ. ಸ್ಯಾಂಡಮೇನಿಯನ್ ಎಂಬ ಸಣ್ಣ ಕ್ರೈಸ್ತ ಪಂಗಡಕ್ಕೆ ಸೇರಿದ ಅವನಿಗೆ ಸರಳವಾಗಿ ಬದುಕುವುದೇ ಧರ್ಮ. 1858ರಲ್ಲಿ ರಾಣಿ ವಿಕ್ಟೋರಿಯಾ ಹ್ಯಾಂಪ್ಟನ್ ಕೋರ್ಟಿನಲ್ಲಿ ಒಂದು ಮನೆ ಕೊಟ್ಟಳು. ಅಲ್ಲೇ 1867ರ ಆಗಸ್ಟ್ 25ರಂದು ಕುರ್ಚಿಯಲ್ಲಿ ಕೂತಂತೆಯೇ ತೀರಿಕೊಂಡ. ಹೈಗೇಟ್ ಸ್ಮಶಾನದಲ್ಲಿರುವ ಸಮಾಧಿಯ ಕಲ್ಲಿನ ಮೇಲೆ ಹೆಸರು ಮತ್ತು ಹುಟ್ಟು-ಸಾವಿನ ದಿನಾಂಕಗಳಿವೆ, ಹೊಗಳಿಕೆ ಇಲ್ಲ.

ನಮ್ಮೆಲ್ಲರ ಜೇಬಿನಲ್ಲಿರುವ ಮೊಬೈಲಿಗೆ ಜೀವ ಕೊಡುವುದು ಲಿಥಿಯಂ ಅಯಾನ್ ಬ್ಯಾಟರಿ. ಅಯಾನ್ ಎಂಬ ಆ ಪದ ರಟ್ಟು ಹಾಕುತ್ತಿದ್ದ ಹುಡುಗನೊಬ್ಬ ದೊಡ್ಡವನಾದ ಮೇಲೆ ಕೇಳಿ ಪಡೆದ ಪದ. ಈ ವರ್ಷ ನಿಮ್ಮ ಮನೆಯಲ್ಲಿ ಯಾರಾದರೂ ಆ ಅಧ್ಯಾಯ ಓದುತ್ತಿದ್ದರೆ ಒಂದು ಸಂಜೆ ಸೂತ್ರದ ಹಾಳೆ ಪಕ್ಕಕ್ಕಿಡಲು ಹೇಳಿ. ಓದಿದ್ದನ್ನು ತಮ್ಮ ಮಾತಿನಲ್ಲಿ, ಕನ್ನಡದಲ್ಲಾದರೂ ಸರಿ, ಒಂದು ಪುಟ ಬರೆಯಲಿ. ಆಮೇಲೆ ಅದನ್ನು ನಿಮಗೆ ವಿವರಿಸಲಿ. ಅಂಕ ಅದರಿಂದ ಕಡಿಮೆಯಾಗುವುದಿಲ್ಲ. ಪರೀಕ್ಷೆ ಮುಗಿದ ಮೇಲೆ ಉಳಿಯುವುದೂ ಆ ಒಂದು ಪುಟವೇ.